ಮದರ್ ಸೀರಿಯಸ್

ಫೆಬ್ರವರಿ 19, ಬುಧವಾರ

ರಾಹೀಲ್‌ನ ಕಾಲಿನ ಎಲುಬು ಬಿರುಕು ಬಿಟ್ಟಿದೆ. ಬಿದ್ದಿಲ್ಲ, ಯಾರೂ ಹೊಡೆದಿಲ್ಲ. ಬೆನ್ನಿಗೆ ಮೂವತ್ತು ಪೌಂಡ್ ಭಾರ ಕಟ್ಟಿಕೊಂಡು ದಿನಾ ನಡೆದೂ ನಡೆದೂ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಕೂದಲೆಳೆಯಷ್ಟು ಸೀಳಿತಂತೆ. ಒಕ್ಲಹೋಮಾದ ಕ್ಯಾಂಪಿನಿಂದ ಅವನೇ ಫೋನ್ ಮಾಡಿದ. ಮಗ ಫಾರೂಕ್ ಸ್ಪೀಕರ್‌ಗೆ ಹಾಕಿದ. ಸೊಸೆ ಆರಿಫಾ ಅಡುಗೆಮನೆಯಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನಾನು ಕೂರಲಿಲ್ಲ.

“ಟೆನ್ಷನ್ ಮಾಡ್ಕೋಬೇಡಿ ದಾದಿ, ಐ ಆಮ್ ಫೈನ್. ಎರಡು ಕೋಲು ಕೊಟ್ಟಿದಾರೆ” ಅಂದ.

ನನ್ನ ಮೊಮ್ಮಗ, ಇಪ್ಪತ್ತೊಂದು ವರ್ಷದವನು, ಕಂಕುಳಲ್ಲಿ ಕೋಲು.

ಕಾಲೇಜು ಅರ್ಧಕ್ಕೆ ಬಿಟ್ಟು ಇಲ್ಲಿನ ಹೆದ್ದಾರಿಯ ಎಕ್ಸಿಟ್ 8ಎ ಬಳಿಯ ಗೋದಾಮಿನಲ್ಲಿ ಒಂದು ವರ್ಷ ಡಬ್ಬ ಎತ್ತಿದ. ಆಮೇಲೆ ಹೋದ ಅಕ್ಟೋಬರಿನಲ್ಲಿ ಯಾರನ್ನೂ ಕೇಳದೆ ಈ ದೇಶದ ಸೈನ್ಯಕ್ಕೆ ಸಹಿ ಹಾಕಿ ಬಂದ. ಸಹಿ ಹಾಕಿದ ಮೇಲೆ ಬೇಡ ಅನ್ನುವ ಹಾಗಿಲ್ಲ. ಮೂರೂವರೆ ವರ್ಷ ಕಡ್ಡಾಯ. ನಮ್ಮ ಮನೆತನದಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಕಾಲದಿಂದ ವ್ಯಾಪಾರ ಮಾಡಿದವರಿದ್ದಾರೆ, ಮೇಷ್ಟರಾದವರಿದ್ದಾರೆ. ನನ್ನ ಅಣ್ಣ ಅಕೀಲ್ ಒಬ್ಬ ಸಿಪಾಯಿಯಾಗಿದ್ದ. ಅದಕ್ಕೆ ಬಡತನ ಕಾರಣ. ಇವನಿಗೆ ಏನು ಕಾರಣ?

ರಾಹೀಲ್ ಒಕ್ಲಹೋಮಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದು ಪಕ್ಕದ ಮನೆಯ ಸುಧಾಮಣಿಗೆ ಹೇಳಿದ್ದೇನೆ. ಮಸೀದಿಯ ಹೆಂಗಸರಿಗೂ ಹಾಗೇ ಹೇಳಿದ್ದೇನೆ. ಈಗ ಕಾಲಿನ ಬಗ್ಗೆ ಏನು ಹೇಳುವುದು?

ಫೆಬ್ರವರಿ 23, ಭಾನುವಾರ

ರಜೆಯ ವಿಚಾರವಾಗಿ ಫಾರೂಕ್ ಇವತ್ತು ಅರ್ಧ ಗಂಟೆ ಮಾತನಾಡಿದ. ಆರಿಫಾ ಕೇಳಿಸಿಕೊಂಡು ಎಲ್ಲವನ್ನೂ ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದ್ದಾಳೆ. ನನಗೆ ಅರ್ಥವಾದದ್ದು ಇಷ್ಟು. ಗಾಯ ಮಾಯಲು ಮನೆಗೆ ಕಳಿಸುವ ರಜೆ ಒಂದಿದೆ, ಕಾನ್ವಲೆಸೆಂಟ್ ಲೀವ್. ಡಾಕ್ಟರ್ ಬರೆದುಕೊಡಬೇಕು, ಕ್ಯಾಪ್ಟನ್ ಒಪ್ಪಬೇಕು. ಕ್ಯಾಪ್ಟನ್ ಸದ್ಯಕ್ಕೆ ಒಪ್ಪಿಲ್ಲ. ಕಾಲು ಮುರಿದ ಹುಡುಗರಿಗೇ ಬೇರೆ ಬ್ಯಾರಕ್ ಇದೆಯಂತೆ, ಅಲ್ಲೇ ಇರಬೇಕು. ಇನ್ನೊಂದು ರಜೆ ತುರ್ತಿನದು. ತಂದೆ, ತಾಯಿ, ಒಡಹುಟ್ಟಿದವರು ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ.

“ದಾದಿ ಆ ಲಿಸ್ಟಲ್ಲಿ ಇಲ್ವಾ?” ಎಂದು ಮೊಮ್ಮಗಳು ತಹ್ರೀಮ್ ಇಂಗ್ಲಿಷಿನಲ್ಲಿ ಕೇಳಿದಳು.

ಅಜ್ಜಿಗೆ ಲೆಕ್ಕವಿಲ್ಲ, ಆದರೆ ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವರಿಗೆ ಉಂಟಂತೆ. ಜನವರಿಯಲ್ಲಿ ಸೇರುವಾಗಲೇ ರಾಹೀಲ್ ಫಾರ್ಮಿನಲ್ಲಿ ನನ್ನ ಹೆಸರು ಬರೆದಿದ್ದಾನೆ. ಹೌದು. ಫಾರೂಕ್, ಆರಿಫಾ ಇಲ್ಲಿ ಕಾಲೂರಲು ಒದ್ದಾಡುತ್ತಿದ್ದಾಗ ಮೂರು ತಿಂಗಳ ಕೂಸನ್ನು ಮೈಸೂರಿಗೆ ತಂದು ನನ್ನ ಮಡಿಲಿಗೆ ಹಾಕಿದರು. ಆರು ವರ್ಷ ನಾನೇ ಸಾಕಿದೆ. ಈಗಲೂ ನಾವಿಬ್ಬರೇ ಇದ್ದಾಗ ಅವನು ಕನ್ನಡದಲ್ಲೇ ಮಾತನಾಡುತ್ತಾನೆ.

ಸೈನ್ಯದ ಕಾಗದದಲ್ಲೂ ನಾನು ಅವನ ತಾಯಿ. ಆರಿಫಾ ಅದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಫೆಬ್ರವರಿ 27, ಗುರುವಾರ

ಮೈಸೂರಿಗೆ ಫೋನ್ ಮಾಡಿದ್ದೆ. ಅಕೀಲ್ ಭಾಯಿಗೆ ಎಂಬತ್ತು, ಕಿವಿ ಮಂದ. ರಾಹೀಲ್‌ಗೆ ರಜೆ ಕೊಡುತ್ತಿಲ್ಲ ಎಂದು ಕೂಗಿ ಹೇಳಿದೆ. ಭಾಯಿ ಬಿದ್ದು ಬಿದ್ದು ನಕ್ಕ.

“ತಂತಿ ಕೊಡೇ ಶಮ್ಸೂ! ನೀನೇ ಅಲ್ವೇನೇ ಬರೀತಿದ್ದವಳು?”

ಬರೆಯುತ್ತಿದ್ದವಳು ನಾನೇ. ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವನಿಗೆ ರಜೆ ಬೇಕಾದಾಗ ಅಂಚೆ ಕಚೇರಿಗೆ ಹೋಗಿ ಫಾರ್ಮಿನಲ್ಲಿ ಇಂಗ್ಲಿಷಿನಲ್ಲಿ ತುಂಬುತ್ತಿದ್ದೆ: ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ನಾಲ್ಕೇ ಪದ. ನಮ್ಮ ಬೀದಿಯಲ್ಲಿ ಸಿಪಾಯಿಗಳಿದ್ದ ಮನೆಗಳಲ್ಲೆಲ್ಲ ಇದೇ ಪದ್ಧತಿ. ಒಂದು ಸಲ ತಂತಿ ಕೊಟ್ಟು ಬಂದು ನೋಡಿದರೆ ಅಮ್ಮಾ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟುತ್ತಿದ್ದರು. “ಇವತ್ತು ಸತ್ತೆನಾ?” ಎಂದು ನಕ್ಕರು. ಮೂರನೇ ದಿನ ಭಾಯಿ ಟ್ರಂಕು ಹೊತ್ತು ನಗುತ್ತಾ ಬಂದ. ಅವರ ಸಾಹೇಬರಿಗೂ ಗೊತ್ತಿತ್ತಂತೆ. “ನಿನ್ನ ತಾಯಿಗೆ ವರ್ಷಕ್ಕೆ ಎಷ್ಟು ಸಲ ಸೀರಿಯಸ್ ಆಗುತ್ತೆ?” ಎಂದು ಕೇಳಿಯೂ ಸಹಿ ಹಾಕುತ್ತಿದ್ದರಂತೆ.

ಈಗ ತಂತಿಯೂ ಇಲ್ಲ, ಅಂಥ ಸಾಹೇಬರೂ ಇಲ್ಲ.

ಮಾರ್ಚ್ 5, ಬುಧವಾರ

ಇವತ್ತು ರಮಜಾನಿನ ಐದನೇ ರೋಜಾ, ಹಗಲಿಡೀ ಉಪವಾಸ. ಇಂಡಿಯನ್ ಅಂಗಡಿಯಲ್ಲಿ ಖರ್ಜೂರ ಆರಿಸುತ್ತಿದ್ದಾಗ ಸುಧಾಮಣಿ ಸಿಕ್ಕಿದಳು.

“ಶಮ್ಸು ಆಂಟಿ, ಮೊಮ್ಮಗಂಗೆ ಸ್ಪ್ರಿಂಗ್ ಬ್ರೇಕ್ ಯಾವಾಗ? ಈ ಸಲ ಹಬ್ಬಕ್ಕೆ ಬರ್ತಾನೋ ಇಲ್ವೋ?”

“ಬರುತ್ತಾನೆ” ಎಂದೆ. ಬಾಯಿಗೆ ಹಾಗೇ ಬಂತು.

ಅವನು ಬಂದರೆ ಸಾಕು. ಒಮ್ಮೆ ಮನೆಯೊಳಗೆ ಬಂದರೆ ಕಾಲುಸೂಪು ಕುಡಿಸಿ, ಇಲ್ಲಿನ ಡಾಕ್ಟರ ಕೈಯಲ್ಲಿ ಕಾಗದ ಬರೆಸಿ, ಆ ನೌಕರಿಯನ್ನೇ ಬಿಡಿಸಬಹುದು. ಆಮೇಲೆ ಕಾಲೇಜಿಗೆ ಹಚ್ಚಿದರೆ ನಾನು ಹೇಳಿದ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ.

ಮಾರ್ಚ್ 7, ಶುಕ್ರವಾರ

ನಸುಕಿನಲ್ಲಿ ಸಹರಿಯ ಊಟಕ್ಕೆ ಎದ್ದೆ. ಎರಡು ರೊಟ್ಟಿ ತಿಂದೆ. ಆರೋಗ್ಯ ಚೆನ್ನಾಗಿದೆ. ಬೇರೇನೂ ಬರೆಯುವುದಿಲ್ಲ.

ಮಾರ್ಚ್ 10, ಸೋಮವಾರ

ಆಸ್ಪತ್ರೆಯಿಂದ ಬಂದೆ. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ, ಫಾರೂಕ್‌ಗೆ ಅಂಗಡಿಯ ಬೋರ್ಡು ಓದುವಷ್ಟು ಬರುತ್ತದೆ. ಆದ್ದರಿಂದ ಇಲ್ಲಿ ಬರೆದರೆ ಬೀಗ ಹಾಕಿ ಇಟ್ಟ ಹಾಗೆ.

ಶನಿವಾರ ಮಧ್ಯಾಹ್ನ ನಮಾಜ್ ಮುಗಿಸಿ, ಜಾನಮಾಜಿನ ಚಾಪೆಯ ಮೇಲೆ ಕುಳಿತಲ್ಲಿಂದಲೇ ಎದೆ ಹಿಡಿದುಕೊಂಡೆ. “ಆರಿಫಾ” ಎಂದು ಒಂದೇ ಸಲ ಕರೆದೆ. ಅವಳು ಓಡಿ ಬಂದಳು. ಎಪ್ಪತ್ತೊಂದು ವರ್ಷದ ಮುದುಕಿ ಎದೆನೋವು ಎಂದರೆ ಈ ದೇಶದಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆಂಬ್ಯುಲೆನ್ಸಿನಲ್ಲೇ ಒಂದು ಮಾತ್ರೆ ಕೊಟ್ಟು ಅಗಿಯಲು ಹೇಳಿದರು. “ಅಮ್ಮಿ, ರೋಜಾ ಹೋದರೆ ಹೋಗಲಿ, ಜೀವ ಮುಖ್ಯ” ಎಂದು ಆರಿಫಾ ಅಳುತ್ತಾ ನನ್ನ ಬಾಯಿಗೆ ನೀರು ಹಿಡಿದಳು. ಅಗಿದೆ. ಕುಡಿದೆ. ಮಾತ್ರೆ ಕಹಿ ಇರಲಿಲ್ಲ, ಕಿತ್ತಳೆ ಹಣ್ಣಿನ ರುಚಿ ಇತ್ತು.

ಎದೆಗೆ ವೈರು ಅಂಟಿಸಿ ಎರಡು ದಿನ ಮಲಗಿಸಿದರು. ಯಾರನ್ನಾದರೂ ನೋಡಬೇಕಾ ಎಂದು ಡಾಕ್ಟರು ಕೇಳಿದಾಗ ರಾಹೀಲ್‌ನ ಹೆಸರು ಹೇಳಿದೆ. ಆಗ ಅಳು ಬಂದದ್ದು ನಿಜ. ಆರಿಫಾ ಹೊರಗೆ ನಿಂತು ಸೈನ್ಯಕ್ಕೆ ತುರ್ತು ಸಂದೇಶ ಕಳಿಸುವ ಕಚೇರಿಗೆ ಫೋನ್ ಮಾಡಿದಳು. ಅವರು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಕೊಂಡರಂತೆ. ಸಂಜೆಯೊಳಗೆ ಹತ್ತು ದಿನದ ರಜೆ ಮಂಜೂರಾಯಿತು.

ಎಲ್ಲ ಟೆಸ್ಟೂ ಸರಿಯಾಗಿದೆ ಎಂದು ಇವತ್ತು ಮನೆಗೆ ಕಳಿಸಿದರು. ಟಿಕೆಟ್ ಸಿಕ್ಕಿದ್ದು ಇವತ್ತು ಸಂಜೆಗೆ, ನಾಳೆ ಅವನು ಬರುತ್ತಾನೆ. ಅಮ್ಮಾ ಒನಕೆ ಹಿಡಿದು ನಕ್ಕಂತೆ ನಾನೂ ನಗಬೇಕಿತ್ತು. ನಗು ಬರಲಿಲ್ಲ.

ಮಾರ್ಚ್ 11, ಮಂಗಳವಾರ

ಬಂದ. ತಲೆ ನುಣ್ಣಗೆ ಬೋಳಿಸಿದ್ದಾರೆ, ಕತ್ತು ದಪ್ಪಗಾಗಿದೆ. ಒಂದೇ ಕೋಲು. ಇನ್ನೊಂದೆಲ್ಲಿ ಎಂದು ಕೇಳುವ ಮೊದಲೇ ನನ್ನ ಮಂಚದ ಬಳಿ ಕುಸಿದು, ಎದೆಯ ಮೇಲೆ ಕಿವಿಯಿಟ್ಟು ಕೇಳಿಸಿಕೊಂಡ. ಚಿಕ್ಕವನಿದ್ದಾಗ ಹಾಗೇ ನಿದ್ದೆ ಹೋಗುತ್ತಿದ್ದ.

“ಹೊಡ್ಕೊಳ್ತಿದೆ” ಎಂದ. ಆಮೇಲೆ ಅತ್ತ. ನಾನು ಅವನನ್ನು ಅಳಬಾರದೆಂದು ಬೆಳೆಸಿದವಳು.

ಮಾರ್ಚ್ 13, ಗುರುವಾರ

ಅವನ ಕಾಲು ಊದಿಕೊಂಡು ಬೂಟು ಹಿಡಿಸದಾಯಿತು. ನಿನ್ನೆ ಎಕ್ಸ್-ರೇ ತೆಗೆಸಿದರು. ಕೂದಲೆಳೆಯ ಬಿರುಕು ಈಗ ಆಚೆಯಿಂದ ಈಚೆಗೆ ಪೂರ್ತಿ ಮುರಿದಿದೆ. ತೊಡೆಯವರೆಗೂ ಪ್ಲಾಸ್ಟರ್.

ದಾರಿಯಲ್ಲಿ ವಿಮಾನ ಬದಲಿಸಬೇಕಾಗಿತ್ತಂತೆ. ಮೊದಲನೆಯದು ತಡವಾಗಿ ಇಳಿಯಿತು, ಎರಡನೆಯದಕ್ಕೆ ಹದಿನೈದು ನಿಮಿಷ. ಒಂದು ಕೋಲನ್ನು ಅಲ್ಲೇ ಎಸೆದು ಓಡಿದನಂತೆ.

ಫಾರೂಕ್ ರೇಗಿದ. “ವೀಲ್‌ಚೇರ್ ಕೇಳೋಕೆ ಏನಾಗಿತ್ತು ನಿನಗೆ? ಮುಂದಿನ ಫ್ಲೈಟ್ ಇರಲಿಲ್ವಾ?”

“ಅದು ಬೆಳಗ್ಗೆ ಇತ್ತು ಅಬ್ಬೂ. ದಾದಿ ಮನೆಗೆ ಬಂದಿದ್ದು ನನಗೆ ಗೊತ್ತಿರಲಿಲ್ಲ, ಬೆಳಗ್ಗೆಗೆ ಲೇಟಾಗಿದ್ರೆ?”

ಎಲ್ಲರೂ ನನ್ನ ಕಡೆ ನೋಡಿದರು, ಬದುಕಿ ಉಳಿದವಳನ್ನು ನೋಡುವ ಹಾಗೆ.

ಮಾರ್ಚ್ 16, ಭಾನುವಾರ

ನನಗೆ ರೋಜಾ ಇಡಲು ಅವನು ಬಿಡುತ್ತಿಲ್ಲ. ಮನೆಯವರೆಲ್ಲ ಉಪವಾಸ. ಹನ್ನೆರಡು ಗಂಟೆಗೆ ಪ್ಲಾಸ್ಟರ್ ಕಾಲು ಎಳೆದುಕೊಂಡು, ಒಲೆಕಟ್ಟೆಗೆ ಸೊಂಟ ಆನಿಸಿ ನಿಂತು ಓಟ್ಸ್ ಬೇಯಿಸುತ್ತಾನೆ. ಎರಡು ಬಟ್ಟಲು. ಅವನಿಗೆ ನೋವಿನ ಮಾತ್ರೆ ನುಂಗಬೇಕಾದ್ದರಿಂದ ಅವನಿಗೂ ರೋಜಾ ಇಲ್ಲ.

“ಪೇಷೆಂಟ್ ಪಾರ್ಟಿ” ಎನ್ನುತ್ತಾನೆ. “ಬಾಯಿ ತೆಗೀರಿ ದಾದಿ. ನನಗೆ ಹೀಗೇ ತಿನ್ನಿಸ್ತಿದ್ರಲ್ಲ, ಕಾಗೆ ಬಂತು ಕಾಗೆ ಅಂತ.”

ನಾನು ತಿನ್ನುತ್ತೇನೆ. ಮೈಯಲ್ಲಿ ಒಂದು ಕಾಯಿಲೆ ಇಲ್ಲದೆ, ರಮಜಾನಿನ ನಡುಹಗಲಿನಲ್ಲಿ, ಇಡೀ ಬಟ್ಟಲು. ಪಕ್ಕದ ಕೋಣೆಯಲ್ಲಿ ಹದಿನಾರು ವರ್ಷದ ತಹ್ರೀಮ್ ಹಸಿದುಕೊಂಡು ಲೆಕ್ಕ ಮಾಡುತ್ತಿರುತ್ತಾಳೆ.

ಒಂಬತ್ತನೇ ವಯಸ್ಸಿನಿಂದ ಈ ರಮಜಾನಿನವರೆಗೆ ಕಾರಣವಿಲ್ಲದೆ ನಾನು ಒಂದು ರೋಜಾ ಬಿಟ್ಟವಳಲ್ಲ.

ಮಾರ್ಚ್ 19, ಬುಧವಾರ

ಇವತ್ತು ಬಟ್ಟಲು ಕೆಳಗಿಡುತ್ತಾ ಹೇಳಿದ. ಕಾಲು ಹೀಗಾದ್ದರಿಂದ ಕ್ಯಾಪ್ಟನ್ ಎರಡು ದಾರಿ ಕೊಟ್ಟಿದ್ದಾರಂತೆ. ಒಂದು, ಮೂವತ್ತು ದಿನದ ಕಾನ್ವಲೆಸೆಂಟ್ ಲೀವ್ ಇಲ್ಲೇ ಕಳೆದು, ಹಿಂದಿರುಗಿ, ಕಾಲು ಪೂರ್ತಿ ಕೂಡಿದ ಮೇಲೆ ತರಬೇತಿಯನ್ನು ಮೊದಲ ದಿನದಿಂದ ಮತ್ತೆ ಮಾಡುವುದು. ಇಲ್ಲವಾದರೆ ಗಾಯದ ಕಾರಣಕ್ಕೆ ಸೈನ್ಯವನ್ನೇ ಬಿಟ್ಟು ಬರುವುದು. 28ನೇ ತಾರೀಕಿನೊಳಗೆ ಸಹಿ ಮಾಡಿ ಕಳಿಸಬೇಕು, ಅಲ್ಲಿಯವರೆಗೆ ಇಲ್ಲೇ ಇರಬಹುದಂತೆ.

“ಬಿಟ್ಟುಬಿಡ್ತೀನಿ ದಾದಿ. ನಿಮ್ಮ ಹಾರ್ಟ್ ಹೀಗಿರುವಾಗ ನಾನು ಅಲ್ಲಿ ಹೇಗೆ ಇರಲಿ?”

ನಾನು ಬಯಸಿದ್ದು ಇದನ್ನೇ. ಇನ್ನು ನಾನು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆಸ್ಪತ್ರೆಯ ಕಾಗದ ನನ್ನ ಪರವಾಗಿದೆ. ನನ್ನ ಎದೆ ನೋಯಲಿಲ್ಲ ಎಂದು ರುಜುವಾತು ಮಾಡುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ಅವನು ಬಟ್ಟಲು ತೊಳೆದಿಟ್ಟು ಹೋದ.

ಮಾರ್ಚ್ 21, ಶುಕ್ರವಾರ

ಅಲ್ಲೇನಿದೆ ಅಂಥದ್ದು ಎಂದು ಕೇಳಿದೆ. ಬೈಯುವ ದನಿಯಲ್ಲೇ ಕೇಳಿದೆ. ಬೈಯುವಂಥದ್ದೇ ಏನಾದರೂ ಹೇಳಲಿ ಎಂಬ ಆಸೆಯಿತ್ತು.

ಹಾಸಿಗೆಯ ಕತೆ ಹೇಳಿದ. ಮೊದಲನೇ ವಾರ ಸಾರ್ಜೆಂಟ್ ಎಲ್ಲರ ಹಾಸಿಗೆ ಕಿತ್ತು ಎಸೆದರಂತೆ, ಇವನದನ್ನು ಮುಟ್ಟಲಿಲ್ಲ. ಐವತ್ತು ಹುಡುಗರನ್ನು ಕರೆದು ಇವನ ಮಂಚದ ಸುತ್ತ ನಿಲ್ಲಿಸಿದರಂತೆ. ಚಾದರದ ಮೂಲೆ ಮಡಚಲು ಯಾರು ಕಲಿಸಿದ್ದು ಎಂದು ಕೇಳಿದರಂತೆ.

“ಮೈ ಗ್ರ್ಯಾಂಡ್‌ಮದರ್, ಸಾರ್ಜೆಂಟ್ ಅಂದೆ. ಅವರು ನಗೋದೇ ಇಲ್ಲ ದಾದಿ, ಆದ್ರೂ ಕೇಳಿದ್ರು, ಅವರು ಯಾವ ರೆಜಿಮೆಂಟ್ ಅಂತ.”

ಆಮೇಲೆ ಐವತ್ತು ಹುಡುಗರಿಗೂ ಇವನೇ ಕಲಿಸಿದನಂತೆ. ಅಲಬಾಮಾದ ಒಬ್ಬನಿಗೆ ತನ್ನ ಷೂಲೇಸ್ ಕಟ್ಟಲೂ ಬರುತ್ತಿರಲಿಲ್ಲವಂತೆ. “ಗೋದಾಮಲ್ಲಿ ಒಂದು ವರ್ಷ ಇದ್ದೆ, ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತು.”

ಇಷ್ಟು ಹೇಳಿ, “ಹೋಗಲಿ ಬಿಡಿ” ಎಂದ.

ಮಾರ್ಚ್ 24, ಸೋಮವಾರ

ನನ್ನನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ದರು. ಓಡುವ ಯಂತ್ರದ ಮೇಲೆ ನಡೆಸಿದರು. ನಲವತ್ತರ ಹೆಂಗಸಿನ ಹೃದಯ ಇದು ಎಂದು ಡಾಕ್ಟರು ಹೊಗಳಿದರು. ನಾನು ತಲೆ ತಗ್ಗಿಸಿದೆ. ನಾಚಿಕೆಯ ಸ್ವಭಾವ ಅಂದುಕೊಂಡರು.

ಕಾರಿನಲ್ಲಿ ರಾಹೀಲ್ ನನ್ನ ಕೈ ಹಿಡಿದುಕೊಂಡೇ ಇದ್ದ. “ಆದ್ರೂ ರಿಸ್ಕ್ ಬೇಡ ದಾದಿ. ಫಾರ್ಮ್ ತುಂಬಿಬಿಟ್ಟಿದೀನಿ.”

ಮಾರ್ಚ್ 26, ಬುಧವಾರ

ಹೇಳಿದೆ.

ಮಧ್ಯಾಹ್ನ ಅವನು ಬಟ್ಟಲು ತಂದಿಟ್ಟ. ನಾನು ಮುಟ್ಟಲಿಲ್ಲ.

“ರಾಹೀಲ್, ನನಗೆ ಎದೆ ನೋಯಲಿಲ್ಲ.”

“ನೋಯ್ತಿಲ್ಲ ಅಂದ್ರೆ ಒಳ್ಳೇದಲ್ವಾ?”

“ಅವತ್ತೂ ನೋಯಲಿಲ್ಲ. ನೀನು ಬರಲಿ ಎಂದು ಹಾಗೆ ಮಾಡಿದೆ.”

ಚಮಚ ಅವನ ಕೈಯಲ್ಲೇ ಇತ್ತು. ಅಕೀಲ್ ಭಾಯಿಯ ತಂತಿಯ ಕತೆ ಹೇಳಿದೆ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಸಾಹೇಬರಿಗೂ ಗೊತ್ತಿರುತ್ತಿತ್ತು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು. ಸಾಹೇಬರಿಗೆ ಗೊತ್ತಿತ್ತು, ಭಾಯಿಗೆ ಗೊತ್ತಿತ್ತು, ಅಂಚೆ ಗುಮಾಸ್ತನಿಗೂ ಗೊತ್ತಿತ್ತು. ಇವನಿಗೆ ಗೊತ್ತಿರಲಿಲ್ಲ.

“ದಾದಿ, ಐ ರ್‍ಯಾನ್” ಎಂದ. ಆಮೇಲೆ ಕನ್ನಡದಲ್ಲಿ, “ಓಡುವಾಗ ನನಗೆ ಕಾಲು ನೋಯಲೇ ಇಲ್ಲ. ಗೊತ್ತಾ? ನೋಯಲೇ ಇಲ್ಲ.”

ಅವನಿಂದ ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ. “ಅಮ್ಮೀಗೆ ಗೊತ್ತಾ? ಮೆಸೇಜ್ ಕಳಿಸಿದ್ದು ಅವರು. ಅವರ ಹೆಸರಿದೆ ಅದರಲ್ಲಿ.”

“ಇಲ್ಲ.”

“ಹೇಳಿ” ಎಂದ. ಇಪ್ಪತ್ತೊಂದು ವರ್ಷದಲ್ಲಿ ಅವನು ನನಗೆ ಕೊಟ್ಟ ಮೊದಲನೇ ಆಜ್ಞೆ.

ಸಂಜೆ ಇಫ್ತಾರಿಗೆ ಎಲ್ಲರೂ ಕುಳಿತಾಗ ಹೇಳಿದೆ. “ನೀವಾ ಅಮ್ಮಿ?” ಎಂದು ಫಾರೂಕ್ ಕೇಳಿದ, ಬೇರೆ ಯಾರದೋ ಬಗ್ಗೆ ಹೇಳಿದ್ದೇನೆ ಎನ್ನುವ ಹಾಗೆ. ಆರಿಫಾ ಖರ್ಜೂರದ ತಟ್ಟೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. ನನ್ನ ಮುಂದೆಯೂ ಹಿಡಿದಳು.

ಮಾರ್ಚ್ 27, ಗುರುವಾರ

ಕ್ಯಾಪ್ಟನ್‌ಗೆ ತಾನು ಹೇಳುತ್ತೇನೆ ಎಂದ ರಾಹೀಲ್. ಬೇಡ, ನಾನೇ ಹೇಳುತ್ತೇನೆ, ನಂಬರು ಹಚ್ಚು ಎಂದೆ. ಫಾರೂಕ್ ಬೇಡವೆಂದ, ವಕೀಲರನ್ನು ಕೇಳೋಣವೆಂದ. ಕೇಳಲಿಲ್ಲ ನಾನು.

ಇಂಗ್ಲಿಷ್ ಮಾತನಾಡಿ ಎಷ್ಟೋ ವರ್ಷವಾಗಿದೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಆ ಗಂಡಸಿನ ದನಿ ಕೇಳಿದ ತಕ್ಷಣ ಮರೆತುಹೋದವು. ಉಳಿದದ್ದು ಹಳೆಯ ಪದಗಳೇ.

“ಸರ್” ಎಂದೆ, “ಮದರ್ ವಾಸ್ ನಾಟ್ ಸೀರಿಯಸ್. ಐ ಟೋಲ್ಡ್ ಲೈ. ಬಾಯ್ ಡಿಡ್ ನಾಟ್ ನೋ.”

ಕ್ಯಾಪ್ಟನ್ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ಹುಡುಗನ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ ಮೂವತ್ತು ದಿನದ ರಜೆ ಇನ್ನಿಲ್ಲ, ಹಬ್ಬ ಮುಗಿಸಿಕೊಂಡು ಬರಲಿ, ಕಾಲು ಅಲ್ಲೇ ಅವರ ಕಣ್ಣೆದುರಿಗೇ ಕೂಡಲಿ. ಈಗ ತೆಗೆದುಕೊಂಡ ಹತ್ತು ದಿನ ಅವನ ಸ್ವಂತ ರಜೆಯಿಂದ ಹೋಗುತ್ತದೆ. ಅವನ ಬಳಿ ಅಷ್ಟು ರಜೆ ಕೂಡಿಯೇ ಇಲ್ಲ, ಹಾಗಾಗಿ ಡಿಸೆಂಬರಿನಲ್ಲಿ ಎಲ್ಲರೂ ಮನೆಗೆ ಹೊರಟಾಗ ಅವನು ಹೊರಡಲಾರ.

“ಥ್ಯಾಂಕ್ಯೂ ಸರ್” ಎಂದೆ.

ಬಿಟ್ಟು ಬರುವ ಫಾರ್ಮನ್ನು ರಾಹೀಲ್ ಹರಿದು ಕಸದ ಡಬ್ಬಿಗೆ ಹಾಕಿದ. ನನ್ನ ಮುಂದೆ ಹರಿಯಲಿಲ್ಲ. ಚೂರುಗಳನ್ನು ಆಮೇಲೆ ಕಂಡೆ.

ಮಾರ್ಚ್ 30, ಭಾನುವಾರ

ಈದ್. ಶೀರ್ ಖುರ್ಮಾ ಕುಡಿಯಲು ಸುಧಾಮಣಿ ಬಂದಳು. ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ರಾಹೀಲ್ ಸೋಫಾದಲ್ಲಿದ್ದ.

“ಏನಪ್ಪಾ ಇದು, ಕಾಲೇಜಲ್ಲಿ ಬಿದ್ದೆಯೇನೋ?”

ಅವನು ನನ್ನ ಕಡೆ ನೋಡಿದ. ನಾಲ್ಕು ದಿನದಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು.

“ಅವನು ಕಾಲೇಜಿನಲ್ಲಿಲ್ಲ ಸುಧಾಮಣಿ. ಮಿಲಿಟರಿಯಲ್ಲಿದ್ದಾನೆ, ಸಿಪಾಯಿ. ನಾನು ಸುಳ್ಳು ಹೇಳಿದ್ದೆ.”

ಸುಧಾಮಣಿ ಲೋಟ ಕೆಳಗಿಟ್ಟಳು. “ಅಯ್ಯೋ ಗೊತ್ತಿತ್ತು ಬಿಡಿ ಆಂಟಿ. ಜನವರಿಲೇ ತಹ್ರೀಮ್ ಇನ್‌ಸ್ಟಾಗ್ರಾಮಲ್ಲಿ ಯೂನಿಫಾರ್ಮ್ ಫೋಟೋ ಹಾಕಿದ್ಲಲ್ಲ! ನೀವು ಹೇಳ್ಕೊಳ್ಳೋಕೆ ಇಷ್ಟಪಡಲ್ಲ ಅಂತ ನಾವೂ ಸ್ಪ್ರಿಂಗ್ ಬ್ರೇಕು ಅದು ಇದು ಅಂತಿದ್ವಿ.”

“ನಾವು ಅಂದರೆ?”

“ಎಲ್ರೂ.”

ಮಸೀದಿಯ ಹೆಂಗಸರು, ಅಂಗಡಿಯವನು, ಎಲ್ಲರೂ. ರಾಹೀಲ್‌ಗೆ ನಗು ಬಂತು, ಹಲ್ಲು ಕಚ್ಚಿ ತಡೆದ. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಏಪ್ರಿಲ್ 1, ಮಂಗಳವಾರ

ಹೋದ. ಹೊರಡುವಾಗ ಯಾವಾಗಲೂ ನನ್ನ ಕೈ ತೆಗೆದು ಹಣೆಗೆ ಒತ್ತಿಕೊಳ್ಳುತ್ತಿದ್ದ. ಇವತ್ತು “ಖುದಾ ಹಾಫಿಜ್ ದಾದಿ” ಎಂದು ಕಾರು ಹತ್ತಿದ. ಹೊಸದಾಗಿ ಕೊಂಡದ್ದೂ ಸೇರಿ ಎರಡು ಕೋಲೂ ಕೈಯಲ್ಲಿದ್ದವು, ಆದ್ದರಿಂದ ಇರಬಹುದು.

ಕೋಣೆಯಲ್ಲಿ ಹಾಸಿಗೆ ಹಾಸಿಟ್ಟು ಹೋಗಿದ್ದಾನೆ. ಮೂಲೆಗಳು ಲಕೋಟೆಯ ಹಾಗಿವೆ. ತೆಗೆದು ಒಗೆಯಲು ಹೋದವಳು ಹಾಗೇ ಬಂದೆ.

ಏಪ್ರಿಲ್ 2, ಬುಧವಾರ

ಕಾಯಿಲೆಗೆ ಬಿಟ್ಟ ರೋಜಾಕ್ಕೆ ಪ್ರತಿಯಾಗಿ ಒಂದು ದಿನಕ್ಕೆ ಒಂದು ದಿನ ಇಟ್ಟರೆ ಸಾಕು. ಕಾಯಿಲೆಯೇ ಇಲ್ಲದೆ, ಬೇಕೆಂದೇ ಮುರಿದವರು ಅದರ ಮೇಲೆ ಅರವತ್ತು ದಿನ ಇಡಬೇಕು, ನಡುವೆ ಒಂದು ದಿನವೂ ತಪ್ಪದೆ. ಅಬ್ಬಾ ಹೇಳಿಕೊಟ್ಟಿದ್ದರು. ಅದು ಯಾರಿಗೋ ಬೇರೆಯವರಿಗೆ ಇರುವ ಕಟ್ಟಳೆ ಎಂದುಕೊಂಡು ಕಲಿತಿದ್ದೆ.

ಇವತ್ತು ಶುರು ಮಾಡಿದೆ.

ಏಪ್ರಿಲ್ 9, ಬುಧವಾರ

ಹಬ್ಬದ ನಂತರ ಆರು ರೋಜಾ ಇಡುವ ವಾಡಿಕೆ ಇರುವುದರಿಂದ ಯಾರೂ ಕೇಳಿರಲಿಲ್ಲ. ಇವತ್ತು ಎಂಟನೆಯದು. ಆರಿಫಾ ಎಣಿಸುತ್ತಿದ್ದಳೆಂದು ಕಾಣುತ್ತದೆ.

“ಅಮ್ಮಿ, ಇನ್ನೂ ಎಷ್ಟು?”

“ಒಟ್ಟು ಅರವತ್ತು.”

ಅವಳಿಗೂ ಧರ್ಮ ಗೊತ್ತು, ಬಿಡಿಸಿ ಹೇಳಬೇಕಾಗಲಿಲ್ಲ. ಕೆಲಸಕ್ಕೆ ಹೋಗುವವಳು ಹೋಗದೆ ಸ್ವಲ್ಪ ಹೊತ್ತು ನಿಂತಳು. “ನಾನೂ ಅವನ ತಾಯಿ ಅಮ್ಮಿ” ಎಂದಳು. ಜಗಳದ ದನಿ ಇರಲಿಲ್ಲ.

“ಹೌದು” ಎಂದೆ. ಇಷ್ಟು ವರ್ಷದಲ್ಲಿ ಇದನ್ನು ಅವಳಿಗೆ ಹೇಳಿರಲಿಲ್ಲ ಎಂದು ಈಗ ಬರೆಯುವಾಗ ಹೊಳೆಯಿತು.

ಏಪ್ರಿಲ್ 20, ಭಾನುವಾರ

ಫೋನ್ ಬಂತು. ಎಲ್ಲರ ಜೊತೆ ಮಾತನಾಡಿದ. ನನಗೆ ಸಲಾಂ ಹೇಳಿ ಕಳಿಸಿದ.

ಮೇ 4, ಭಾನುವಾರ

ಮೂವತ್ತಮೂರನೆಯದು. ಉಳಿಯಲಿಲ್ಲ.

ಮೂರು ಗಂಟೆಗೆ ಮೆಟ್ಟಿಲ ಬಳಿ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಕುಳಿತು, “ಫಾರೂಕ್” ಎಂದೆ. ಫಾರೂಕ್ ಬಂದ. ಬಂದವನು ಬಾಗಿಲಲ್ಲೇ ಒಂದು ಕ್ಷಣ ನಿಂತು ನನ್ನ ಮುಖ ನೋಡಿದ. ಆಮೇಲೆ ಓಡಿ ಬಂದು ಎತ್ತಿಕೊಂಡ.

ಹತ್ತಿರದ ಬಾಸ್ಕಿಂಗ್ ರಿಡ್ಜ್ ಊರಿನಿಂದ ಡಾಕ್ಟರ್ ರಾಜಿ ಬಂದು ನೋಡಿದಳು, ಫಾರೂಕ್‌ನ ಸ್ನೇಹಿತನ ಹೆಂಡತಿ. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ನೀರು ಕುಡಿಸಿದರು. ಬೇಸಿಗೆ ಮುಗಿಯುವವರೆಗೆ ಉಪವಾಸದ ಹೆಸರೆತ್ತಬಾರದು ಎಂದಳು. ಸರಪಣಿ ಕಡಿದ ಮೇಲೆ ಹಿಂದಿನದು ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ. ಅರವತ್ತು ಬಡವರಿಗೆ ಊಟ ಹಾಕಿದರೂ ಆಗುತ್ತದಲ್ಲ ಅಮ್ಮಿ ಎಂದು ಆರಿಫಾ ನೆನಪಿಸಿದಳು. ಕೈಲಾಗದವರಿಗೆ ಅದು. ಚಳಿಗಾಲದ ಹಗಲು ಚಿಕ್ಕದು, ನನ್ನ ಕೈಲಾಗುತ್ತದೆ.

ಫಾರೂಕ್ ರಾತ್ರಿಯವರೆಗೂ ನನ್ನ ಕಾಲು ಒತ್ತಿದ. ಅವನದೇನೂ ತಪ್ಪಿಲ್ಲ. ಆ ಒಂದು ಕ್ಷಣ ಮಾತ್ರ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಜುಲೈ 13, ಭಾನುವಾರ

ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನವಾಯಿತು, ಈಗ ಕೋಲೂ ಇಲ್ಲವಂತೆ. ತಹ್ರೀಮ್ ಹೇಳಿದಳು. ನಡೆಯುವ ವಿಡಿಯೋ ತೋರಿಸಿದಳು. ಸ್ವಲ್ಪ ಎಡಕ್ಕೆ ವಾಲುತ್ತಾನೆ. ಮೂರು ಸಲ ಹಾಕಿಸಿ ನೋಡಿದೆ.

ಮಸೀದಿಯಲ್ಲಿ ಯಾರೋ ಹೊಸಬರು ಮೊಮ್ಮಗ ಏನು ಮಾಡುತ್ತಾನೆ ಎಂದರು. ಸಿಪಾಯಿ, ಕಾಲು ಮುರಿದಿತ್ತು, ಕೂಡುತ್ತಿದೆ ಎಂದೆ.

ಅಕ್ಟೋಬರ್ 5, ಭಾನುವಾರ

ಇವತ್ತು ಫೋನಿನಲ್ಲಿ ಅವನು ನನ್ನನ್ನು ಕೇಳಿದ. ಆರಿಫಾ ಸ್ಪೀಕರ್ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟು ಆಚೆ ಹೋದಳು.

“ದಾದಿ. ತಹ್ರೀಮ್ ಹೇಳಿದ್ಲು, ಅರವತ್ತರ ವಿಷಯ.”

“ಮೂವತ್ತಮೂರಕ್ಕೆ ನಿಂತಿತು. ಮೊದಲಿಂದ ಮಾಡಬೇಕು.”

“ನನಗೂ ಮೊದಲಿಂದಾನೇ. ಡಾಕ್ಟರ್ ಫಿಟ್ ಅಂತ ಬರೆದ್ರು. ನಾಳೆ ಹೊಸ ಬ್ಯಾಚ್ ಜೊತೆ ಡೇ ಒನ್.”

“ಕಾಲು ಹೇಗಿದೆ?” ಎಂದೆ.

“ಇದೆ. ಎದೆ ಹೇಗಿದೆ?”

“ಇದೆ.”

ಅವನು ಸಣ್ಣಗೆ ಮೂಗಿನಲ್ಲಿ ನಕ್ಕದ್ದು ಕೇಳಿಸಿತು. ಹಿಂದೆ ಯಾರೋ ಸಮಯವಾಯಿತು ಎಂದು ಕೂಗಿದರು.

“ದಾದಿ, ಇನ್ನೊಂದ್ಸಲ ಮೆಸೇಜ್ ಬಂದ್ರೆ ನಾನು ಓಡಲ್ಲ.”

“ಸರಿ.”

“ಬರ್ತೀನಿ. ಆದ್ರೆ ಓಡಲ್ಲ.”

“ಸರಿ ಕಂದಾ” ಎಂದೆ. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಕೇಳಿಸಿತೋ ಇಲ್ಲವೋ.

ಅಕ್ಟೋಬರ್ 6, ಸೋಮವಾರ

ಸಹರಿಗೆ ಎದ್ದೆ. ಆರಿಫಾ ಆಗಲೇ ಒಲೆ ಹಚ್ಚಿದ್ದಳು. ಎರಡು ರೊಟ್ಟಿ ತಿಂದೆ. ಆರೋಗ್ಯ ಚೆನ್ನಾಗಿದೆ.

ಒಂದನೇ ದಿನ.